ಅರಳುಮರಳು ಎಂದು ಸುಮ್ಮನಿದ್ದೆವು

ನಮ್ಮ ಮನೆಯಲ್ಲಿ ಇಬ್ಬರು ಹಿರಿಯರಿದ್ದಾರೆ. ಮಾವನವರಿಗೆ 79, ಅತ್ತೆಯವರಿಗೆ 73. ಮಾವನವರಿಗೆ ಒಂದು ಸೀನು ಬಂದರೂ ಕೇರಿಗೆಲ್ಲ ಗೊತ್ತಾಗುತ್ತದೆ. ಅತ್ತೆಯವರಿಗೆ ಜ್ವರ ಬಂದರೆ, ಅದು ಬಿಟ್ಟು ಎರಡು ದಿನವಾದ ಮೇಲೆ ನಮಗೆ ಗೊತ್ತಾಗುತ್ತದೆ. ಸೋದರಿಯರೇ, ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ?

ನಮ್ಮದು ಮಾಸ್ತಿಕಟ್ಟೆ. ಮಳೆಗಾಲದಲ್ಲಿ ಪತ್ರಿಕೆಯ ಮಳೆ ಪಟ್ಟಿ ನೋಡುವವರಿಗೆ ಹುಲಿಕಲ್, ಮಾಣಿಯ ಜೊತೆಗೆ ನಮ್ಮೂರ ಹೆಸರೂ ಕಂಡಿರುತ್ತದೆ. ವಾರಗಟ್ಟಲೆ ಬಿಸಿಲಿನ ಮುಖ ಕಾಣದ ಊರು. ದೊಡ್ಡ ಆಸ್ಪತ್ರೆ ಬೇಕೆಂದರೆ ಹೊಸನಗರಕ್ಕೋ ತೀರ್ಥಹಳ್ಳಿಗೋ ಹೋಗಬೇಕು, ಇಲ್ಲವೇ ಘಟ್ಟ ಇಳಿದು ಕುಂದಾಪುರ, ಮಣಿಪಾಲದ ದಾರಿ ಹಿಡಿಯಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಆಸ್ಪತ್ರೆಗೆ ಹೊರಡುವುದೆಂದರೆ ಒಂದು ಇಡೀ ದಿನದ ಕೆಲಸ, ಕೈಯಲ್ಲಿ ನಾಲ್ಕು ಕಾಸು ಬೇಕು, ಜೊತೆಗೊಬ್ಬ ಗಂಡಾಳೂ ಬೇಕು.

ಮಾವನವರಿಗೆ ಆರು ವರ್ಷದ ಹಿಂದೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವಂತಾಯಿತು. ಎರಡನೆಯ ವಾರಕ್ಕೇ ಮಗನನ್ನು ಕೂರಿಸಿಕೊಂಡು ಹೇಳಿದರು. ಡಾಕ್ಟರು ನೋಡಿ, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ವಯಸ್ಸಾದ ಗಂಡಸರಲ್ಲಿ ಇದು ಸಾಮಾನ್ಯ ಎಂದು ಮಾತ್ರೆ ಕೊಟ್ಟರು. ರಾತ್ರಿ ಏಳುವುದು ಎರಡು ಸಲಕ್ಕೆ ಇಳಿಯಿತು. ಅತ್ತೆಯವರನ್ನು ಕೇಳಿದರೆ ಯಾವಾಗಲೂ ಒಂದೇ ಉತ್ತರ: "ನಂಗೇನಾಗಿದ್ಯೇ ಮಾರಾಯ್ತಿ, ಗುಂಡ್‌ಕಲ್ ಹಂಗಿದೀನಿ." ನಾವೂ ನಂಬಿದೆವು. ನಂಬಿದರೆ ನಮಗೂ ಸುಲಭವಾಗಿತ್ತಲ್ಲ!

2024ರ ಆಷಾಢ. ಹೊರಗೆ ಜಡಿಮಳೆ. ಒಂದು ಬೆಳಿಗ್ಗೆ ಅತ್ತೆಯವರು ನನ್ನನ್ನು ತಮ್ಮ ತೀರಿಹೋದ ಅಕ್ಕನ ಹೆಸರಿನಿಂದ ಕರೆದರು. ಮಧ್ಯಾಹ್ನ, ಮಾರಿ ಹತ್ತು ವರ್ಷವಾದ ಹಸುವಿಗೆ ಹುಲ್ಲು ಹಾಕಬೇಕೆಂದು ಎದ್ದು ಹೊರಟರು. ರಾತ್ರಿಯಿಡೀ ವಟವಟ. ಮಾರನೆಯ ದಿನ ಊಟ ಬಿಟ್ಟು ಮಂಕಾಗಿ ಮಲಗಿಬಿಟ್ಟರು. "ಅರವತ್ತಕ್ಕೆ ಅರಳುಮರಳು ಅಂತಾರೆ, ಇವಳಿಗೆ ಎಪ್ಪತ್ತು ದಾಟಿತು" ಎಂದರು ಮಾವ. ನೆಂಟರೊಬ್ಬರು ನಿಮಿತ್ತ ಕೇಳಿಸಿ ಎಂದರು. ನಾನು ಜೀರಿಗೆ ಕಷಾಯ ಮಾಡಿ ಬಾಯಿಗೆ ಹಿಡಿದೆ, ದೇವರಿಗೆ ತುಪ್ಪದ ದೀಪ ಹಚ್ಚಿದೆ. ಹೀಗೆ ಎರಡು ದಿನ ಕಳೆದೆವು.

ಮೂರನೆಯ ದಿನ ನಮ್ಮ ಆಶಾ ಕಾರ್ಯಕರ್ತೆ ಕೊಡೆ ಮಡಚಿ ಒಳಗೆ ಬಂದವಳು ಅತ್ತೆಯವರ ಮುಖ ನೋಡಿ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ಅಕ್ಕಾ, ಅಜ್ಜಿ ನಿನ್ನೆಯಿಂದ ಎಷ್ಟು ನೀರು ಕುಡಿದಿದಾರೆ, ಎಷ್ಟು ಸಲ ಮೂತ್ರಕ್ಕೆ ಹೋಗಿದಾರೆ?" ನನಗೆ ಉತ್ತರ ಗೊತ್ತಿರಲಿಲ್ಲ. ಹಸು ಎಷ್ಟು ಬಾನಿ ಕುಡಿಯಿತೆಂದು ದಿನವೂ ಲೆಕ್ಕ ಇಡುತ್ತಿದ್ದವಳಿಗೆ ಅತ್ತೆಯ ಲೆಕ್ಕ ಇರಲಿಲ್ಲ.

ಆ ಸಂಜೆಯೇ ಜೀಪು ಮಾಡಿಕೊಂಡು ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು, ಜೊತೆಗೆ ಮೈಯಲ್ಲಿ ನೀರೇ ಇರಲಿಲ್ಲ. ಚಿಕ್ಕವರಿಗಾದರೆ ಉರಿ, ಚಳಿಜ್ವರ ಬಂದು ಗೊತ್ತಾಗುತ್ತದೆ. ವಯಸ್ಸಾದವರಲ್ಲಿ ಕೆಲವೊಮ್ಮೆ ಅದ್ಯಾವುದೂ ಇಲ್ಲದೆ ಬುದ್ಧಿಯ ಗೊಂದಲವೇ ಮೊದಲು ಕಾಣುತ್ತದಂತೆ. ಡಾಕ್ಟರು ಹೇಳಿದ ಮಾತನ್ನು ನೀವೂ ನೆನಪಿಡಿ: ನಿಜವಾದ ಮರೆವಿನ ಕಾಯಿಲೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಬರುತ್ತದೆ. ಒಂದೆರಡು ದಿನದಲ್ಲಿ ದಿಢೀರನೆ ಮಾತು ತಪ್ಪಿದರೆ ಅದನ್ನು ವಯಸ್ಸಿನ ಮೇಲೆ ಹಾಕಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೋಂಕು, ಸಕ್ಕರೆಯ ಏರುಪೇರು, ಹೊಸ ಮಾತ್ರೆ, ಪಾರ್ಶ್ವವಾಯು, ಏನು ಬೇಕಾದರೂ ಇರಬಹುದು.

ಐದನೆಯ ದಿನ ಅತ್ತೆಯವರು ನನ್ನ ಹೆಸರು ಹಿಡಿದು ಕರೆದರು. ನನಗೆ ಅಳು ತಡೆಯಲಾಗಲಿಲ್ಲ. ಆದರೆ ನಿಜವಾದ ಸಂಗತಿ ಹೊರಬಂದದ್ದು ಆಮೇಲೆ, ಲೇಡಿ ಡಾಕ್ಟರು ಪರದೆ ಎಳೆದು ಪರೀಕ್ಷೆ ಮಾಡಿದಾಗ. ಅತ್ತೆಯವರಿಗೆ ಗರ್ಭಕೋಶ ಜಾರಿ ಎಂಟು ವರ್ಷವಾಗಿತ್ತು! ಮೂತ್ರ ಪೂರ್ತಿ ಹೋಗುತ್ತಿರಲಿಲ್ಲ, ಕೆಮ್ಮಿದರೆ ಬಟ್ಟೆ ಒದ್ದೆ. ಪಾಯಿಖಾನೆ ಅಂಗಳ ದಾಟಿ ಕೊಟ್ಟಿಗೆಯಾಚೆ. ಆ ಮಳೆ, ಆ ಪಾಚಿ, ಆ ಕತ್ತಲೆಗೆ ಹೆದರಿ ಮಧ್ಯಾಹ್ನದ ಮೇಲೆ ನೀರನ್ನೇ ಬಿಟ್ಟಿದ್ದರು.

"ಯಾಕೆ ಹೇಳಲಿಲ್ಲ ಅತ್ತೆ?" ಎಂದೆ.

"ನಿನ್ ಮಾವ ಮಗನ ಹತ್ರ ಹೇಳಿದ್ರು. ನಾನು ಇಂಥಾದ್ದನ್ನ ಯಾರ ಹತ್ರ ಹೇಳ್ಲೇ?" ಎಂದರು.

ಐದು ಹೆರಿಗೆ, ಎಲ್ಲವೂ ಮನೆಯಲ್ಲೇ. ಬಾಣಂತನ ಮುಗಿಯುತ್ತಲೇ ತಲೆಯ ಮೇಲೆ ಸೊಪ್ಪಿನ ಹೊರೆ. ಹೆರಿಗೆಗಳು, ಭಾರ ಹೊರುವುದು, ಹಳೆಯ ಕೆಮ್ಮು, ಮಲಬದ್ಧತೆ ಇವೆಲ್ಲ ಸೇರಿ ಹೀಗಾಗುತ್ತದಂತೆ. ಎಲ್ಲರಿಗೂ ಆಪರೇಷನ್ನೇ ಬೇಕೆಂದಿಲ್ಲ. ಅತ್ತೆಯವರಿಗೆ ಡಾಕ್ಟರು ಅಳತೆ ನೋಡಿ ಒಂದು ಉಂಗುರದಂಥ ಸಾಧನ ಒಳಗೆ ಕೂರಿಸಿದರು. ಹೇಳಿದ ಸಮಯಕ್ಕೆ ಹೋಗಿ ತೋರಿಸಿಕೊಂಡು ಬರಬೇಕು, ಅಷ್ಟೆ. ಎಂಟು ವರ್ಷದ ಸಂಕಟಕ್ಕೆ ಇಷ್ಟು ಸರಳ ಉಪಾಯವಿತ್ತು.

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಅವರಲ್ಲಿ ಹೆಂಗಸರು 5.3 ಕೋಟಿ, ಗಂಡಸರು 5.1 ಕೋಟಿ. ಅಂದರೆ ವಯಸ್ಸಾದವರಲ್ಲಿ ಹೆಂಗಸರೇ ಹೆಚ್ಚು. ಆದರೂ ನಮ್ಮ ಮನೆಯ ಔಷಧಿ ಡಬ್ಬಿಯಲ್ಲಿದ್ದದ್ದೆಲ್ಲ ಮಾವನವರ ಮಾತ್ರೆಗಳೇ. ಮಾವನವರ ಮೇಲೆ ನನಗೆ ದೂರಿಲ್ಲ, ಅವರು ಬಾಯಿ ಬಿಟ್ಟದ್ದು ಒಳ್ಳೆಯದೇ ಆಯಿತು. ಬಾಯಿ ಬಿಡದವರನ್ನು ನಾವು ಕೇಳಬೇಕಿತ್ತು.

ಈಗ ಮನೆಯಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಅತ್ತೆಯವರ ಕೋಣೆಯಲ್ಲೇ ರಾತ್ರಿಗೆಂದು ಕಮೋಡ್ ಕುರ್ಚಿ ಇಟ್ಟಿದ್ದೇವೆ. ಬೆಳಿಗ್ಗೆ ಒಂದು ತಂಬಿಗೆ ತುಂಬಿಡುತ್ತೇನೆ, ಸಂಜೆಯೊಳಗೆ ಅದು ಖಾಲಿಯಾಗಬೇಕು. (ಹೃದಯದ, ಮೂತ್ರಪಿಂಡದ ತೊಂದರೆ ಇದ್ದವರು ನೀರು ಎಷ್ಟೆಂದು ಡಾಕ್ಟರನ್ನೇ ಕೇಳಬೇಕು.) ಆಸ್ಪತ್ರೆಗೆ ಹೋಗುವಾಗ ಇಬ್ಬರ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಒಯ್ಯುತ್ತೇನೆ, ಆದರೆ ಚೀಟಿ ಇಬ್ಬರಿಗೂ ಬೇರೆ ಬೇರೆ. ಮನೆ ಬಾಗಿಲಲ್ಲೇ ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ, ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಅವರು ಬಂದಾಗ ಅಜ್ಜಿಯರು ಅಡುಗೆಮನೆಯಲ್ಲಿ ಅಡಗಿ ಕೂರದಂತೆ ನೋಡಿಕೊಳ್ಳಿ.

ಇನ್ನು ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆದೇ ಬಿಡುತ್ತೇನೆ. ಜೋರಾಗಿ ಕೆಮ್ಮಿದರೆ ನನಗೂ ಒಂದೆರಡು ಹನಿ ಹೋಗಲು ಶುರುವಾಗಿ ನಾಲ್ಕು ವರ್ಷ. ನಾನೂ ಯಾರಿಗೂ ಹೇಳಿರಲಿಲ್ಲ. ಅತ್ತೆಯವರನ್ನು ಎರಡನೆಯ ಸಲ ತೋರಿಸಲು ಹೋದ ದಿನ, ಧೈರ್ಯ ಮಾಡಿ ನನ್ನ ಹೆಸರಿಗೂ ಒಂದು ಚೀಟಿ ಮಾಡಿಸಿದೆ. ಡಾಕ್ಟರು ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಈಗ ರಾತ್ರಿ ಜಗಲಿಯಲ್ಲಿ ಕೂತು ಮಾಡುತ್ತೇನೆ. ಪಕ್ಕದಲ್ಲಿ ಬತ್ತಿ ಹೊಸೆಯುತ್ತಾ ಅತ್ತೆಯವರು, "ಆಯ್ತೇನೆ ಇವತ್ತಿಂದು?" ಎಂದು ಕೇಳುತ್ತಾರೆ.