ಮಸಿಯ ಮುನಿಸು

ಮನೆಗೆ ಬರುವ ಯಂತ್ರಗಳಲ್ಲಿ ಎರಡು ಜಾತಿಗಳುಂಟು. ದುಡಿದು ಸವೆಯುವವು ಒಂದು. ದುಡಿಯದೆ ಕೆಡುವವು ಇನ್ನೊಂದು. ರುಬ್ಬುವ ಯಂತ್ರ ಮೊದಲನೆಯ ಜಾತಿಯದು. ಇಂಕ್‌ಜೆಟ್ ಪ್ರಿಂಟರ್ ಎರಡನೆಯ ಜಾತಿಯದು. ಈ ಭೇದವನ್ನರಿಯದ ಗೃಹಸ್ಥರು ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ ಮೂಲೆಯಲ್ಲಿಡುತ್ತಾರೆ. ಮಸಿ ದುಬಾರಿಯಾದ ಪದಾರ್ಥ, ಸುಮ್ಮನೆ ಮುದ್ರಿಸಿ ಹಾಳುಮಾಡಬಾರದು ಎಂಬುದು ಅವರ ನೀತಿ. ಈ ಮಿತವ್ಯಯದ ಫಲ ಕಾಣಿಸಿಕೊಳ್ಳುವುದು ಮಾತ್ರ ಸಾಮಾನ್ಯವಾಗಿ ರಾತ್ರಿ ಹತ್ತು ಗಂಟೆಯ ಮೇಲೆ, ಯಾವುದೋ ಕಾಗದ ಬೆಳಗಾಗುವುದರೊಳಗೆ ಬೇಕೇ ಬೇಕೆಂದಾಗ.

ಈ ಯಂತ್ರದ ಒಂದು ಬಗೆಯ ಹುಟ್ಟೇ ಆಕಸ್ಮಿಕ. ೧೯೭೭ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಇಚಿರೊ ಎಂಡೊ ಎಂಬ ಸಂಶೋಧಕರ ಮುಂದೆ, ಕಾದ ಬೆಸುಗೆ ಕಡ್ಡಿಯೊಂದು ಮಸಿ ತುಂಬಿದ ಸಿರಿಂಜಿನ ಸೂಜಿಗೆ ತಗಲಿತಂತೆ. ಕೂಡಲೆ ಮಸಿ ತುದಿಯಿಂದ ಚಿಮ್ಮಿತು. ಬಿಸಿಗೆ ಗುಳ್ಳೆಯೆದ್ದು ಮಸಿಯನ್ನು ಹೊರದೂಡುವ ಈ ತತ್ತ್ವವೇ ಮುಂದೆ ಅನೇಕ ಪ್ರಿಂಟರುಗಳಿಗೆ ಆಧಾರವಾಯಿತು. ಬಿಸಿಯ ಬದಲು, ವಿದ್ಯುತ್ತು ಹರಿದಾಗ ಆಕಾರ ಬದಲಿಸುವ ಸ್ಫಟಿಕದಿಂದ ಮಸಿಯನ್ನು ಒತ್ತಿ ಚಿಮ್ಮಿಸುವ ಯಂತ್ರಗಳೂ ಇವೆ. ಬಗೆ ಯಾವುದಾದರೂ, ಮಸಿ ಹೊರಬೀಳುವ ರಂಧ್ರ ತಲೆಗೂದಲಿಗಿಂತ ಸಪೂರ. ಒಂದೊಂದು ಹನಿಯ ಗಾತ್ರವೂ ಕೆಲವೇ ಪಿಕೋಲೀಟರ್. ಪಿಕೋಲೀಟರ್ ಎಂದರೆ ಲೀಟರಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು! ಇಂತಹ ಬಾಯಲ್ಲಿ ವಾರಗಟ್ಟಲೆ ನಿಂತ ಮಸಿಯ ನೀರು ಆರಿಹೋದರೆ, ಉಳಿದ ಬಣ್ಣ ಬಿರಡೆಯಂತೆ ಕೂತುಬಿಡುವುದರಲ್ಲಿ ಆಶ್ಚರ್ಯವೇನು?

ಮೈಸೂರಿನ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಮರುದಿನ ಮಗಳಿಗೆ ಪ್ರವೇಶ ಪರೀಕ್ಷೆ. ಹಾಲ್ ಟಿಕೆಟ್ ಮುದ್ರಿಸಲು ಹೋದರೆ ಅಕ್ಷರಗಳ ನಡುವೆ ಬಿಳಿಯ ಪಟ್ಟಿಗಳು. ಭಾವಚಿತ್ರದಲ್ಲಿ ಹುಡುಗಿಯ ಮುಖ ಕಿಟಕಿಯ ಸರಳುಗಳ ಹಿಂದೆ ನಿಂತಂತೆ. ತಂದೆ ಹೆಡ್ ಕ್ಲೀನಿಂಗ್ ಎಂಬ ಗುಂಡಿಯನ್ನು ಒತ್ತಿದರು, ಮತ್ತೆ ಒತ್ತಿದರು, ಐದನೆಯ ಸಲವೂ ಒತ್ತಿದರು. ಪಟ್ಟಿಗಳು ಹೋಗಲಿಲ್ಲ, ಮಸಿಯ ಮಟ್ಟ ಮಾತ್ರ ಇಳಿಯಿತು. "ಮೊದಲೇ ಹೇಳಲು ನಿನಗೇನಾಗಿತ್ತು? ಎಲ್ಲಕ್ಕೂ ಕೊನೆಯ ಗಳಿಗೆ!" ಎಂದು ಮಗಳ ಮೇಲೆ ರೇಗಿದರು. ಆಕೆ ಮಾತನಾಡದೆ ಪುಸ್ತಕವನ್ನು ಮುಚ್ಚಿಟ್ಟು ಒಳಗೆ ಹೋದಳು.

ಆಗ ಅಡುಗೆಮನೆಯಿಂದ ಬಂದ ತಾಯಿ, "ಸಾಕು ಬಿಡಿ. ತಳ ಹಿಡಿದ ಪಾತ್ರೆಯನ್ನು ಉಜ್ಜಿದರೆ ಗೀರು ಬೀಳುತ್ತದೆ. ನೀರು ಹಾಕಿ ನೆನೆಯಲು ಬಿಟ್ಟರೆ ತಾನೇ ಬಿಡುತ್ತದೆ" ಎಂದರು.

ಆ ಮಾತಿನಲ್ಲಿ ಶಾಸ್ತ್ರವೇ ಇತ್ತು. ಪ್ರತಿ ಶುದ್ಧೀಕರಣದಲ್ಲೂ ಯಂತ್ರ ಮಸಿಯನ್ನು ಹೀರಿ ತನ್ನೊಡಲಿನ ಹೀರುಪಟ್ಟಿಗೆ ಸುರಿಯುತ್ತದೆ. ಅದೂ ಒಂದು ದಿನ ತುಂಬಿ ಕೆಲಸ ನಿಲ್ಲುವುದುಂಟು. ಮೊದಲು ನಾಜಲ್ ಚೆಕ್ ಎಂಬ ಪರೀಕ್ಷಾಪುಟವನ್ನು ತೆಗೆದು ಯಾವ ಬಣ್ಣದ ಗೆರೆ ತುಂಡಾಗಿದೆ ಎಂದು ನೋಡಬೇಕು. ಗೆರೆಗಳೆಲ್ಲ ಪೂರ್ಣವಾಗಿದ್ದೂ ಅಕ್ಷರ ಓರೆಯಾದರೆ ದೋಷ ಮಸಿಯದಲ್ಲ, ಹೆಡ್ಡಿನ ಜೋಡಣೆಯದು. ಗೆರೆ ತುಂಡಾಗಿದ್ದರೆ ಒಂದೆರಡು ಸಲ ಶುದ್ಧಗೊಳಿಸಿ, ಯಂತ್ರವನ್ನು ಆರಿಸಿ, ಕೆಲವು ಗಂಟೆಗಳ ಕಾಲ ಬಿಡಬೇಕು. ಹೊಸ ಮಸಿಯ ತೇವಕ್ಕೆ ಹಳೆಯ ಹೆಪ್ಪು ಮೆತ್ತಗಾಗುವ ಸಂಭವ ಹೆಚ್ಚು. ಆರಿಸುವಾಗಲೂ ಯಂತ್ರದ ಗುಂಡಿಯಿಂದಲೇ ಆರಿಸಬೇಕು. ಆಗ ಹೆಡ್ ತನ್ನ ಸ್ಥಾನಕ್ಕೆ ಮರಳಿ ರಬ್ಬರಿನ ಮುಚ್ಚಳದಲ್ಲಿ ಬಾಯಿಟ್ಟು ಮಲಗುತ್ತದೆ. ಮುದ್ರಣದ ನಡುವೆ ಗೋಡೆಯ ಸ್ವಿಚ್ಚನ್ನು ತೆಗೆದರೆ ಬಾಯಿ ತೆರೆದೇ ಉಳಿಯುತ್ತದೆ.

ಬೆಳಗಿನ ಐದು ಗಂಟೆಗೆ ಪರೀಕ್ಷಾಪುಟದಲ್ಲಿ ಕಪ್ಪು ಗೆರೆಗಳು ಅಖಂಡವಾಗಿ ಮೂಡಿದವು. ಹಳದಿ ಮಾತ್ರ ಇನ್ನೂ ಮುನಿಸಿನಲ್ಲಿತ್ತು. ಹಾಲ್ ಟಿಕೆಟ್ಟಿನ ಭಾವಚಿತ್ರಕ್ಕೆ ತುಸು ನೇರಳೆಯ ಛಾಯೆ ಬಂದರೂ ಗುರುತು ಸ್ಪಷ್ಟವಾಗಿತ್ತು. ತಂದೆ ಅದನ್ನು ಮಗಳ ಕೈಗಿತ್ತು, "ರಾತ್ರಿ ನಿದ್ದೆ ಮಾಡಿದೆಯೇನಮ್ಮ?" ಎಂದರು. ಆಕೆ ತಲೆಯಾಡಿಸಿದಳು, ಆದರೆ ಕಣ್ಣುಗಳು ಬೇರೆ ಮಾತನ್ನೇ ಹೇಳುತ್ತಿದ್ದವು. ಕಾಗದ ಸರಿಯಾಗಿತ್ತು, ಕಾಗದಕ್ಕಾಗಿ ಆಡಿದ ಮಾತು ಹಾಗೆಯೇ ಉಳಿದಿತ್ತು.

ಇಂತಹ ರಾತ್ರಿಗಳನ್ನು ತಪ್ಪಿಸುವ ಉಪಾಯ ಅಗ್ಗದ್ದು: ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಪುಟ. ಮಕ್ಕಳ ಚಿತ್ರವಾಗಲಿ, ಊರಿನ ಅಜ್ಜಿಗೆ ಕಳುಹಿಸುವ ಭಾವಚಿತ್ರವಾಗಲಿ, ಏನಾದರೂ ಸರಿ. ಅದಕ್ಕೆ ತಗಲುವ ಮಸಿ ಒಂದು ಶುದ್ಧೀಕರಣಕ್ಕೆ ಸುರಿಯುವ ಮಸಿಗಿಂತ ಕಡಮೆಯಾದೀತು. ಸೇದದ ಬಾವಿಯ ನೀರು ಕೆಡುವುದೆಂದು ಹಿರಿಯರು ಬಲ್ಲರು. ಗಂಡಾಂತರ ಬಂದಾಗ ಮಾತ್ರ ನೆನೆಯುವ ನಂಟನು ಆ ಹೊತ್ತಿಗೆ ಒದಗಲಿಲ್ಲವೆಂದು ಯಾರೂ ದೂರುವುದಿಲ್ಲ. ಪ್ರಿಂಟರನ್ನೂ ದೂರದಿರುವುದು ನ್ಯಾಯ.