ಮೂಗಿಲ್ಲದ ಊಟ

ನೆಗಡಿ ಬಂದಾಗ ಊಟ ರುಚಿಸುವದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ನಾಲ್ಕು ದಿನ ಕಳೆದರೆ ಮೂಗು ತೆರೆಯುವದು, ಅನ್ನಕ್ಕೆ ರುಚಿ ಮರಳುವದು, ಮಾತು ಅಲ್ಲಿಗೇ ಮರೆತುಹೋಗುವದು. ನಾನೂ ಹಾಗೆಯೇ ಮರೆಯುತ್ತ ಬಂದವನು. ನಾಲಿಗೆಯೇ ರುಚಿಯ ಒಡೆಯನೆಂದು ಇಪ್ಪತ್ತೈದು ವರುಷ ಮಕ್ಕಳಿಗೆ ಪಾಠ ಹೇಳಿದವನು. ಹಲಗೆಯ ಮೇಲೆ ನಾಲಿಗೆಯ ಚಿತ್ರ ಬರೆದು, ತುದಿಗೆ ಸಿಹಿ, ಬದಿಗೆ ಹುಳಿ, ಹಿಂದಕ್ಕೆ ಕಹಿ ಎಂದು ಗೆರೆ ಎಳೆದವನು. (ಆ ನಕಾಶೆಯೂ ತಪ್ಪೆಂಬುದು ತಡವಾಗಿ ತಿಳಿಯಿತು. ನಾಲಿಗೆಯ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಅರಿಯಬಲ್ಲವಂತೆ. ನನ್ನ ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.)

ಈ ಪಾಂಡಿತ್ಯವೆಲ್ಲ ಕರಗಿದ್ದು 2021ರ ಏಪ್ರಿಲಿನಲ್ಲಿ. ಕೊರೋನಾ ಬೇನೆಯ ಎರಡನೆಯ ಅಲೆ ಉಮರ್ಗಾ ತಾಲೂಕಿನ ನಮ್ಮ ಹಳ್ಳಿಯನ್ನೂ ಬಿಡಲಿಲ್ಲ. ಜ್ವರ ಐದು ದಿನಗಳಲ್ಲಿ ಇಳಿಯಿತು. ಆರನೆಯ ದಿನ ಅವ್ವ ಬಿಸಿ ಜೋಳದ ರೊಟ್ಟಿ, ಗುರೆಳ್ಳ ಹಿಂಡಿ, ಮೇಲೆ ತುಸು ಕುಸುಬಿಯ ಎಣ್ಣೆ ಹಾಕಿ ಕೋಣೆಯ ಹೊಸ್ತಿಲ ಮೇಲಿಟ್ಟು ದೂರ ಸರಿದು ನಿಂತಳು. ಮೊದಲ ತುತ್ತಿಗೇ ಎದೆ ಧಸಕ್ಕೆಂದಿತು. ಉಪ್ಪು ಇತ್ತು, ಖಾರವಿತ್ತು; ಹಿಂಡಿ ಇರಲಿಲ್ಲ! ಒದ್ದೆಯಾದ ಮರದ ಹೊಟ್ಟನ್ನು ಉಪ್ಪು ಹಚ್ಚಿ ಅಗಿದಂತಾಯಿತು.

"ಹ್ಯಾಂಗಾಗ್ಯದಪಾ?" ಎಂದಳು.

"ಛಲೋ ಆಗ್ಯದವ್ವಾ" ಎಂದೆ.

ಹೀಗೆ ಒಂದು ಸುಳ್ಳು ಹುಟ್ಟಿತು. ಎಂಟು ದಿನಕ್ಕೆ ಮೂಗು ಸರಿಹೋದೀತು, ಮುದುಕಿಯ ಜೀವಕ್ಕೆ ಯಾಕೆ ತ್ರಾಸ ಎಂಬುದು ನನ್ನ ಲೆಕ್ಕ. ಎಂಟು ದಿನ ಎರಡು ತಿಂಗಳಾಯಿತು. ಅವ್ವ ದಿನವೂ ಕೇಳುವಳು, ನಾನು ದಿನವೂ ಛಲೋ ಎನ್ನುವೆನು. ಆದರೆ ನನ್ನ ಮೋರೆ ನಾಲಿಗೆಯಷ್ಟು ಜಾಣತನ ಕಲಿತಿರಲಿಲ್ಲ. ಮಗನಿಗೆ ಊಟ ಸೇರುತ್ತಿಲ್ಲವೆಂದು ಬಗೆದು ಅವಳು ಉಪ್ಪು ಹೆಚ್ಚಿಸಿದಳು, ಖಾರ ಹೆಚ್ಚಿಸಿದಳು. ಮನೆಯ ಉಳಿದವರೆಲ್ಲ ಆ ಖಾರಕ್ಕೆ ಕಣ್ಣೀರಿಟ್ಟರು. ನನ್ನ ಮನೆಯವರಿಗೆ ಮಾತ್ರ ಸಂಗತಿ ಗೊತ್ತಿತ್ತು, ಅವರೂ ಬಾಯಿ ಬಿಡಲಿಲ್ಲ.

ಸುಳ್ಳನ್ನು ಹೊರಗೆಡಹಿದ್ದು ಒಂದು ಗಡಿಗೆ ಬ್ಯಾಳಿ. ಜೂನ್ ತಿಂಗಳ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಒಲೆಯ ಬದಿಗಿದ್ದ ತೊಗರಿಬ್ಯಾಳಿಯನ್ನು ರೊಟ್ಟಿಯೊಡನೆ ಬರಿದುಮಾಡಿ ಉಂಡೆ. ತುಸು ಹುಳಿಯೆನಿಸಿತು. ಹುಣಸೆ ಹೆಚ್ಚಾಗಿರಬೇಕೆಂದುಕೊಂಡೆ. ಸಂಜೆ ಹೊಲದಿಂದ ಬಂದ ಅವ್ವ ಗಡಿಗೆ ನೋಡಿ, "ಹಳಸಿದ್ ಬ್ಯಾಳಿ, ಎಮ್ಮಿಗಿ ಹಾಕ್ಬೇಕಂತ ಇಟ್ಟಿದ್ದೆ, ಯಾರ್ ಚೆಲ್ಲಿದ್ರು?" ಎಂದಳು. "ನಾ ಉಂಡೆ, ಛಲೋ ಇತ್ತಲ್ಲ" ಎಂದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಇಷ್ಟೇ ಅಂದಳು: "ಹಂಗಾರ ಎರಡ್ ತಿಂಗಳಿಂದ ನಾ ಮಾಡಿದ್ದಕ್ಕೂ ಹಿಂಗs ಅಂದಿ." ಆ ರಾತ್ರಿ ಹೊಟ್ಟೆ ಕೆಟ್ಟು ಪಟ್ಟ ಪಾಡು ಈ ಮಾತಿನ ಮುಂದೆ ಏನೂ ಅಲ್ಲ. ಅಂದಿನಿಂದ ಅವಳು ಊಟ ಹೇಗಾಗಿದೆಯೆಂದು ನನ್ನನ್ನು ಕೇಳುವದನ್ನು ಬಿಟ್ಟಳು.

ಇನ್ನು ಇದರ ಮರ್ಮವೇನೆಂದು ತಿಳಿಯಬೇಕೆನಿಸಿ ಓದತೊಡಗಿದೆ. ನಾಲಿಗೆಗೆ ಗೊತ್ತಾಗುವದು ಬಲು ಸ್ವಲ್ಪ: ಸಿಹಿ, ಹುಳಿ, ಉಪ್ಪು, ಕಹಿ, ಮತ್ತು 1908ರಲ್ಲಿ ಜಪಾನಿನ ಇಕೆದಾ ಎಂಬ ರಸಾಯನಜ್ಞ ಕಡಲಪಾಚಿಯ ಸಾರಿನಲ್ಲಿ ಕಂಡು 'ಉಮಾಮಿ' ಎಂದು ಹೆಸರಿಟ್ಟ ಐದನೆಯದೊಂದು. ನಮ್ಮ ಷಡ್ರಸಗಳಲ್ಲಿ ಮೆರೆಯುವ ಖಾರವು ಈ ಪಂಕ್ತಿಗೆ ಸೇರುವದಿಲ್ಲ. ಅದು ಉರಿ, ಸುಡುವ ಕಾವನ್ನು ಅರಿಯುವ ನರಗಳೇ ಮೆಣಸಿನಕಾಯಿಯನ್ನೂ ಅರಿಯುವವು. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ ನಾನು ಮೂಗು ಕಳೆದುಕೊಂಡ ವರ್ಷವೇ ನೊಬೆಲ್ ಪಾರಿತೋಷಕ ದೊರೆಯಿತು. ಅವ್ವನ ಖಾರ ನನಗೆ ಹತ್ತಿದ್ದೂ ಅವಳ ಹಿಂಡಿ ಹತ್ತದೇ ಹೋದದ್ದೂ ಯಾಕೆಂದು ಆಗ ತಿಳಿಯಿತು.

ಉಳಿದದ್ದೆಲ್ಲ ಮೂಗಿನ ಕೆಲಸ. ಅದೂ ಮುಂಬಾಗಿಲಿನಿಂದಲ್ಲ. ಅಗಿದು ನುಂಗಿ ಉಸಿರು ಬಿಟ್ಟಾಗ ತುತ್ತಿನ ಆವಿ ಗಂಟಲ ಹಿಂದಿನ ದಾರಿಯಿಂದ ಮೇಲೇರಿ ಮೂಗಿನ ಮಾಡನ್ನು ಮುಟ್ಟುವದು. ಅಲ್ಲಿ ಅಂಚೆಚೀಟಿಯಷ್ಟಗಲದ ಜಾಗದಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕಾದಿರುವವು. ಆ ಗ್ರಾಹಕಗಳ ದೊಡ್ಡ ಮನೆತನವನ್ನು ರಿಚರ್ಡ್ ಆ್ಯಕ್ಸೆಲ್ ಮತ್ತು ಲಿಂಡಾ ಬಕ್ 1991ರಲ್ಲಿ ಬೆಳಕಿಗೆ ತಂದರು. ಮೂಗು ಅರಿತುದನ್ನು ಮಿದುಳು ಬಾಯಿಯ ಲೆಕ್ಕಕ್ಕೆ ಬರೆಯುವದು. ದುಡಿದವನು ಒಬ್ಬ, ಹೆಸರು ಇನ್ನೊಬ್ಬನದು.

ನಂಬಿಗೆ ಬಾರದವರು ಮೂಗನ್ನು ಬಿಗಿಹಿಡಿದು ನಾಲ್ಕು ಕಾಳು ಜೀರಿಗೆ ಅಗಿದು ನೋಡಬೇಕು. ತುಸು ಕಹಿ, ತುಸು ಹೊಟ್ಟು, ಅಷ್ಟೇ. ಮೂಗು ಬಿಟ್ಟೊಡನೆ ಜೀರಿಗೆ ಧುಮ್ಮಿಕ್ಕುವದು. ಮರುವರ್ಷ ಆರನೆಯ ಇಯತ್ತೆಯಲ್ಲಿ ಇದನ್ನು ಮಾಡಿಸಿದಾಗ ಒಬ್ಬ ಹುಡುಗ, "ಸರ್, ಜೀರಿಗಿ ಮೂಗಿನಾಗ ಅದ!" ಎಂದು ಕೂಗಿದ. ನನ್ನ ಇಪ್ಪತ್ತೈದು ವರುಷದ ಪಾಠ ಆ ಒಂದು ಮಾತಿಗೆ ಸರಿದೂಗದು.

ನಮ್ಮ ಅಡಿಗೆಮನೆಯ ಹೆಂಗಸರಿಗೆ ಇದು ಹೊಸತೇನಲ್ಲವೆಂದು ತೋರುತ್ತದೆ. ಹಸಿ ಶೇಂಗಾಕ್ಕಿಲ್ಲದ ಕಂಪು ಹುರಿದಾಗ ಹುಟ್ಟುವದೆಂದು ಅವರು ಬಲ್ಲರು. ಕಂಪು ಎಣ್ಣೆಯಲ್ಲಿ ಕರಗಿ ನಿಲ್ಲುವದೆಂದೇ ಒಗ್ಗರಣೆ. ಅದು ಹಾರಿಹೋಗುವದೆಂದೇ ಅವ್ವ ಹಿಂಡಿಯನ್ನು ಎಂಟು ದಿನಕ್ಕಾಗುವಷ್ಟು ಮಾತ್ರ ಕುಟ್ಟುವಳು. ಹಸಿ ಇಂಗಿನ ನಾತವನ್ನು ಬಿಸಿ ಎಣ್ಣೆಯಲ್ಲಿ ಘಮವಾಗಿಸುವ ವಿದ್ಯೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಡಾಕ್ಟರರು ಮದ್ದೆಂದು ಕೊಟ್ಟದ್ದು ಒಂದು ಅಭ್ಯಾಸ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, ಹನ್ನೆರಡು ವಾರ, ಮನಸ್ಸಿಟ್ಟು ಮೂಸಬೇಕು. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮವಿದು. ನಾನು ಸಂಕೋಚದಿಂದ ಅವ್ವನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನಾಲ್ಕು ಬಟ್ಟಲು ನನ್ನ ಮುಂದಿದ್ದವು. ಐದನೆಯದೂ ಒಂದಿತ್ತು, ಹುರಿದ ಗುರೆಳ್ಳು. "ಡಾಕ್ಟರ್ ಹೇಳಿಲ್ಲವ್ವಾ" ಎಂದರೆ, "ಅವನಿಗೇನ್ ಗೊತ್ತು" ಎಂದಳು. ಕಣ್ಣು ಮುಚ್ಚಿಸಿ ಒಂದೊಂದೇ ಬಟ್ಟಲು ಹಿಡಿದು, ಶಾಲೆಯ ಮೆಟ್ಟಿಲು ಹತ್ತದ ಆಕೆ ಮಾಸ್ತರನ ಪರೀಕ್ಷೆ ತೆಗೆದುಕೊಂಡಳು. ಮೂರು ತಿಂಗಳು ನಾನು ನಪಾಸಾದೆ. ಆದರೆ ಸುಳ್ಳು ಹೇಳಲಿಲ್ಲ.

ಬಳಿಕ ವಾಸನೆ ಬಂದದ್ದೂ ಸೊಟ್ಟಗೆ ಬಂದಿತು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಹ ಎಲ್ಲವೂ ಸುಟ್ಟ ರಬ್ಬರಿನಂತೆ ನಾರತೊಡಗಿದವು. ಚೇತರಿಕೆಯ ಹಾದಿಯಲ್ಲಿ ಅನೇಕರಿಗೆ ಹೀಗಾಗುವದಂತೆ.

2022ರ ಜನವರಿಯ ಆರಂಭದಲ್ಲಿ ಎಳ್ಳಮಾವಾಸ್ಯೆ ಬಂದಿತು. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಈ ಹಬ್ಬ ಸರಿಯಲಿಲ್ಲ. ಮರಾಠಿಯ ನೆರೆಯವರು 'ಯೇಳವಸ'ವೆಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವದು ಇದೇ ಹಬ್ಬಕ್ಕೆ. ಹಸಿಗಡಲೆ, ತೊಗರಿ, ಸೊಪ್ಪುಗಳ ಭಜ್ಜಿ, ಮಜ್ಜಿಗೆಯ ಅಂಬಲಿ, ರೊಟ್ಟಿ ಹರವಿ ಕುಳಿತಿದ್ದೆವು. ಬದುವಿನಾಚೆ ಯಾರೋ ಕುಳ್ಳಿಗೆ ಬೆಂಕಿಯಿಟ್ಟಿದ್ದರು. ಗಾಳಿ ಇತ್ತ ತಿರುಗಿತು. ಹೊಗೆ! ಸೊಟ್ಟಗಿಲ್ಲದ, ನಿಜವಾದ ಕುಳ್ಳಿನ ಹೊಗೆ. ನಾನು ತುತ್ತು ಕೈಯಲ್ಲೇ ಹಿಡಿದು ಕುಳಿತೆ.

ಏಳು ತಿಂಗಳ ಮೇಲೆ ಅವ್ವ ಕೇಳಿದಳು, "ಹ್ಯಾಂಗಾಗ್ಯದ ಭಜ್ಜಿ?"

"ಕಡಲಿ ಗೊತ್ತಾಗ್ತದ. ಸೊಪ್ಪು ಅರ್ಧಮರ್ಧ. ಬೆಳ್ಳುಳ್ಳಿ ಹೊಲಸ್ ನಾರ್ತದ" ಎಂದೆ.

"ಹಾಂ" ಎಂದು ನಕ್ಕು, ಇನ್ನೊಂದು ಸೌಟು ಬಡಿಸಿದಳು. ಇಂದಿಗೂ ನನ್ನ ಪಾಲಿನ ಒಗ್ಗರಣೆಯನ್ನು ಬೆಳ್ಳುಳ್ಳಿಯಿಲ್ಲದೆ ಬೇರೆಯಾಗಿಯೇ ಹಾಕುವಳು.