ಲೋಟದ ಹಾಲಿನಲ್ಲಿ ಒಂದು ಹಲ್ಲು

ಹಲ್ಲುನೋವು ಬರುವುದು ರಾತ್ರಿಯೇ, ಹಲ್ಲು ಮುರಿಯುವುದು ಭಾನುವಾರವೇ ಎಂದು ನಮ್ಮಜ್ಜಿ ಹೇಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. 2023ರ ಡಿಸೆಂಬರಿನ ಒಂದು ಭಾನುವಾರ ಸಂಜೆ ಆ ನಗು ನಿಂತುಹೋಯಿತು.

ಎಸ್ಸೆಸ್ಸೆಲ್ಸಿಯಲ್ಲಿದ್ದ ಮಗ ಮನೆ ಹತ್ತಿರದ ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದ. ಪುಟಿದ ಚೆಂಡು ಬಾಯಿಗೆ ಬಡಿದು, ಮೇಲಿನ ಮುಂದಿನ ಹಲ್ಲೊಂದು ಬೇರುಸಮೇತ ಕಿತ್ತುಬಂತು. ಗೆಳೆಯರು ಅವನನ್ನು ಕರೆತಂದಾಗ ಅಂಗಿಯೆಲ್ಲ ರಕ್ತ, ಮುಷ್ಟಿಯಲ್ಲಿ ಹಲ್ಲು. "ಅಪ್ಪಾ, ಈ ವಾರ ಕ್ಲಾಸಿನ ಗ್ರೂಪ್ ಫೋಟೋ" ಎಂದು ಅತ್ತ.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಹಲ್ಲಿಗೆ ಮಣ್ಣು ಮೆತ್ತಿತ್ತು. ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದೆ. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಮಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಮೊದಲ ದಂತವೈದ್ಯರ ಬಾಗಿಲಿಗೆ ಬೀಗ. ಎರಡನೆಯವರಲ್ಲಿ 'ಭಾನುವಾರ ರಜೆ' ಎಂಬ ಬೋರ್ಡು. ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ರಕ್ತ ನಿಲ್ಲಿಸಿ ಟಿ.ಟಿ. ಚುಚ್ಚಿದರು. ಹಲ್ಲಿನ ಡಾಕ್ಟರು ಬರುವುದು ನಾಳೆಯಂತೆ. ನರ್ಸಮ್ಮನೊಬ್ಬರು ಮಾತ್ರ "ಹಲ್ಲೆಲ್ಲಿ ಸಾರ್?" ಎಂದು ಕೇಳಿದರು. ಜೇಬಿನಿಂದ ತೆಗೆದುಕೊಟ್ಟೆ. "ಅಯ್ಯೋ, ಒಣಗೋಕೆ ಬಿಡಬಾರದಿತ್ತು" ಎಂದವರೇ ಎದುರಿನ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತರಿಸಿ, ಲೋಟಕ್ಕೆ ಸುರಿದು ಹಲ್ಲನ್ನು ಮುಳುಗಿಸಿದರು. ತಮಗೆ ಪರಿಚಯದ ದಂತವೈದ್ಯರಿಗೆ ಫೋನನ್ನೂ ಮಾಡಿದರು.

ಆ ಡಾಕ್ಟರು ಮದುವೆ ಮನೆಯಿಂದ ನೇರವಾಗಿ ಬಂದು ಕ್ಲಿನಿಕ್ಕಿನ ಬಾಗಿಲು ತೆರೆದರು. ಹಲ್ಲನ್ನು ಅದರ ಜಾಗದಲ್ಲಿ ಕೂರಿಸಿ, ತೆಳು ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಅಂಟಿಸಿದರು. ಎರಡು ವಾರ ಗಂಜಿ, ಮೆತ್ತನೆಯ ಅನ್ನ. ಆಮೇಲೆ ರೂಟ್ ಕೆನಾಲ್. ನನ್ನನ್ನು ಗದರಲಿಲ್ಲ. "ಬೇರಿನ ಮೇಲಿನ ಜೀವಕೋಶಗಳು ಒಣಗಿದರೆ ಒಂದು ಗಂಟೆಯೊಳಗೆ ಸಾಯುತ್ತವೆ. ಉಜ್ಜಿದರಂತೂ ಕೇಳುವುದೇ ಬೇಡ. ಹಲ್ಲು ನಿಲ್ಲುತ್ತದೆ, ಎಷ್ಟು ವರ್ಷ ಎಂದು ಹೇಳಲಾರೆ" ಎಂದರಷ್ಟೆ.

ಅವರು ಹೇಳಿಕೊಟ್ಟಿದ್ದು ಪ್ರತಿ ಮನೆಗೂ ಗೊತ್ತಿರಬೇಕಾದದ್ದು. ಬಿದ್ದ ಹಲ್ಲನ್ನು ಬೇರು ಮುಟ್ಟದೆ ಬಿಳಿಯ ಭಾಗದಲ್ಲೇ ಹಿಡಿಯಬೇಕು. ಕೊಳೆಯಿದ್ದರೆ ಕ್ಷಣಕಾಲ ನೀರಿನಲ್ಲಿ ಅದ್ದಿ ತೆಗೆದರೆ ಸಾಕು. ಸಾಧ್ಯವಾದರೆ ಆಗಲೇ ಅದರ ಜಾಗದಲ್ಲಿ ಕೂರಿಸಿ ಬಟ್ಟೆ ಕಚ್ಚಿಸಬೇಕು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಡಬೇಕು. ಅರ್ಧ ಗಂಟೆಯೊಳಗೆ ವೈದ್ಯರನ್ನು ಸೇರಿದರೆ ಉತ್ತಮ. ಚಿಕ್ಕ ಮಕ್ಕಳ ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸುವಂತಿಲ್ಲ.

ಈಗ ನಮ್ಮ ಫ್ರಿಜ್ಜಿನ ಮೇಲೆ, ಗ್ಯಾಸ್ ಏಜೆನ್ಸಿಯ ನಂಬರಿನ ಪಕ್ಕದಲ್ಲೇ, ಭಾನುವಾರವೂ ಸಿಗುವ ದಂತವೈದ್ಯರ ನಂಬರಿದೆ. ಗೋಡೆಯ ಮೇಲಿನ ಗ್ರೂಪ್ ಫೋಟೋದಲ್ಲಿ ಮಗನೊಬ್ಬನೇ ಬಾಯಿ ಮುಚ್ಚಿ ನಿಂತಿದ್ದಾನೆ. ಅದನ್ನು ಕಂಡಾಗಲೆಲ್ಲ ನನಗೆ ನಮ್ಮ ಮನೆಯ ನಲ್ಲಿ ನೆನಪಾಗುತ್ತದೆ.